ಸಮುದ್ರದಲ್ಲಿ ಕಾಣೆಯಾದವರು: ಕೋಲಾರದ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಯಾವ ಬೆಟ್ಟ ಹತ್ತಿದರೂ ಕಡಲು ಕಾಣುವುದಿಲ್ಲ. ಆದರೂ ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರದ ಶಾಲೆಗಳಲ್ಲಿ ಸಮುದ್ರದ ಬಗ್ಗೆ ಮಾತಾಡಲು ನಿಂತರೆ ಸಾಕು, ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದು, ಹಡಗು, ವಿಮಾನ ಮಾಯವಾಗುತ್ತವೆ ಅಂತ ಜನ ಹೇಳುವ ಬರ್ಮುಡಾ ಟ್ರಯಾಂಗಲ್ ಬಗ್ಗೆ ಕೇಳಿಯೇ ಕೇಳುತ್ತದೆ. ಮೇಷ್ಟ್ರುಗಳೂ ಕೇಳುತ್ತಾರೆ, ಕಾರ್ಯಕ್ರಮ ಮುಗಿದ ಮೇಲೆ, ಸ್ವಲ್ಪ ಮೆಲ್ಲಗೆ. ಪಾಠದ ನಡುವೆ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೆ ಇಲ್ಲಿ ಪುರುಸೊತ್ತಾಗಿ ಬರೆದಿದ್ದೇನೆ.

ಬರ್ಮುಡಾ ಟ್ರಯಾಂಗಲ್ ಅನ್ನೋದು ನಿಜವಾಗಿಯೂ ಇದೆಯಾ?

ನೀರು ಇದೆ. ಅಮೆರಿಕದ ಮಯಾಮಿ, ಬರ್ಮುಡಾ ದ್ವೀಪ, ಪೋರ್ಟೊರಿಕೊ ಈ ಮೂರನ್ನು ಗೆರೆ ಎಳೆದು ಸೇರಿಸಿದರೆ ಸಿಗುವ ಸಮುದ್ರ. ಆದರೆ ಅಮೆರಿಕ ಸರ್ಕಾರದ ಭೂಪಟದಲ್ಲಿ ಈ ಹೆಸರೇ ಇಲ್ಲ. ಹೆಸರು ಹುಟ್ಟಿದ್ದು 1964ರಲ್ಲಿ, ವಿನ್ಸೆಂಟ್ ಗ್ಯಾಡಿಸ್ ಅನ್ನುವವರು ಒಂದು ಅಮೆರಿಕನ್ ಪತ್ರಿಕೆಗೆ ಬರೆದ ಲೇಖನದಲ್ಲಿ. ಅದಕ್ಕೂ ಮುಂಚೆ ನೂರಾರು ವರ್ಷ ಅಲ್ಲಿ ಹಡಗು ಓಡಾಡಿವೆ, ಈಗಲೂ ದಿನಾ ಓಡಾಡುತ್ತಿವೆ.

ಅಲ್ಲಿ ಬೇರೆ ಕಡೆಗಿಂತ ಜಾಸ್ತಿ ಹಡಗು ಮುಳುಗುತ್ತವಾ ಅನ್ನುವುದೇ ಮುಖ್ಯ ಪ್ರಶ್ನೆ. ಇಲ್ಲ. ಅಷ್ಟು ದೊಡ್ಡ, ಅಷ್ಟು ಓಡಾಟ ಇರುವ ಬೇರೆ ಯಾವುದೇ ಸಮುದ್ರದಲ್ಲಿ ಆಗುವುದಕ್ಕಿಂತ ಇಲ್ಲಿ ಜಾಸ್ತಿ ಆಗಿದೆ ಅನ್ನುವುದಕ್ಕೆ ಪುರಾವೆ ಇಲ್ಲ ಅಂತ ಅಮೆರಿಕದ ಸಾಗರ ಮತ್ತು ಹವಾಮಾನ ಇಲಾಖೆ ಸ್ಪಷ್ಟವಾಗಿ ಹೇಳಿದೆ. 1970ರ ದಶಕದಲ್ಲಿ ಲಾರೆನ್ಸ್ ಕುಶೆ ಅನ್ನುವ ಒಬ್ಬ ಲೈಬ್ರರಿಯನ್ ಕೂತು, ಟ್ರಯಾಂಗಲ್ ಪಟ್ಟಿಯಲ್ಲಿದ್ದ ಒಂದೊಂದು ಘಟನೆಗೂ ಆ ಕಾಲದ ಪತ್ರಿಕೆ, ಹವಾಮಾನ ವರದಿ ತರಿಸಿ ಓದಿದರು. ಹವಾಮಾನ ಪ್ರಶಾಂತವಾಗಿತ್ತು ಅಂತ ಬರೆದಿದ್ದ ಕಡೆ ಬಿರುಗಾಳಿ ಇತ್ತು. ಕೆಲವು ಹಡಗು ಮುಳುಗಿದ್ದೇ ಬೇರೆಲ್ಲೋ. 1902ರ ಫ್ರೇಯಾ ಅನ್ನುವ ಹಡಗಂತೂ ಅಟ್ಲಾಂಟಿಕ್ ಅಲ್ಲ, ಪೆಸಿಫಿಕ್ ಸಾಗರದ್ದು! ಆ ಲೈಬ್ರರಿಯನ್ ಮಾಡಿದ್ದು ದೊಡ್ಡ ಸಂಶೋಧನೆ ಏನಲ್ಲ, ಹಳೇ ಪೇಪರ್ ಹುಡುಕಿದ್ದು ಅಷ್ಟೇ. ಆದರೆ ಅದುವರೆಗೆ ಬರೆದವರು ಯಾರೂ ಅದನ್ನು ಮಾಡಿರಲಿಲ್ಲ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಮನುಷ್ಯ ಅವರು.

ಮತ್ತೆ ಆ ಐದು ಯುದ್ಧವಿಮಾನಗಳು ಎಲ್ಲಿ ಹೋದವು?

1945ರ ಡಿಸೆಂಬರ್ 5ರಂದು ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಐದು ಅವೆಂಜರ್ ವಿಮಾನಗಳು ತರಬೇತಿಗೆ ಹೊರಟವು. ಒಟ್ಟು 14 ಜನ. ಮುಂದಾಳು ಚಾರ್ಲ್ಸ್ ಟೇಲರ್. ಮಧ್ಯಾಹ್ನದ ಹೊತ್ತಿಗೆ ತಮ್ಮ ದಿಕ್ಸೂಚಿ ಕೆಲಸ ಮಾಡುತ್ತಿಲ್ಲ, ಫ್ಲೋರಿಡಾದ ದಕ್ಷಿಣದ ದ್ವೀಪಗಳ ಮೇಲಿದ್ದೇವೆ ಅಂತ ಟೇಲರ್ ರೇಡಿಯೊದಲ್ಲಿ ಹೇಳಿದರು. ಬಹುಶಃ ಇದ್ದದ್ದು ಬಹಾಮಾಸ್ ಮೇಲೆ. ತಪ್ಪಿದ ಜಾಗದಿಂದ ಲೆಕ್ಕ ಹಾಕಿದರೆ ಸರಿಯಾದ ದಿಕ್ಕೂ ತಪ್ಪು ದಿಕ್ಕೇ ಆಗುತ್ತದೆ. ಪಶ್ಚಿಮಕ್ಕೆ ಹೋದರೆ ಮನೆ ಸೇರುತ್ತೇವೆ ಅಂತ ತರಬೇತಿಯ ಹುಡುಗರಲ್ಲೊಬ್ಬ ಅಂದದ್ದು ಕೂಡ ರೇಡಿಯೊದಲ್ಲಿ ಕೇಳಿತ್ತು. ಕತ್ತಲಾಯಿತು, ಹವೆ ಕೆಟ್ಟಿತು, ಇಂಧನ ಮುಗಿಯುತ್ತಾ ಬಂತು.

ಹುಡುಕಲು ಹೋದ ಮ್ಯಾರಿನರ್ ವಿಮಾನವೂ 13 ಜನರ ಸಮೇತ ಹೋಯಿತು. ಇದನ್ನೇ ಜನ ಕಣ್ಣರಳಿಸಿ ಹೇಳುತ್ತಾರೆ. ಆದರೆ ಆ ಹೊತ್ತಿನಲ್ಲಿ ಅದೇ ಸಮುದ್ರದಲ್ಲಿದ್ದ ಗೇನ್ಸ್ ಮಿಲ್ಸ್ ಅನ್ನುವ ಟ್ಯಾಂಕರ್ ಹಡಗಿನವರು ಬೆಂಕಿಯ ಜ್ವಾಲೆ ನೋಡಿದ್ದಾಗಿ, ನೀರಿನ ಮೇಲೆ ಎಣ್ಣೆ ಕಂಡಿದ್ದಾಗಿ ಹೇಳಿದ್ದಾರೆ. ನಾವು ನೋಡುವ ವಿಡಿಯೊಗಳಲ್ಲಿ ಆ ಟ್ಯಾಂಕರ್ ಬರುವುದೇ ಇಲ್ಲ ಅಲ್ವಾ?

ನೌಕಾಪಡೆ ಮೊದಲು ತಪ್ಪನ್ನು ಟೇಲರ್ ಮೇಲೆ ಹೊರಿಸಿತ್ತು. ಅವರ ತಾಯಿ ಒಪ್ಪಲಿಲ್ಲ, ಪಟ್ಟು ಹಿಡಿದು ಹೋರಾಡಿದರು. ಕೊನೆಗೆ ಕಾರಣ ತಿಳಿದಿಲ್ಲ ಅಂತ ವರದಿ ಬದಲಾಯಿತು. ಇವತ್ತು ಜನ "ಸರ್ಕಾರವೇ ಕಾರಣ ಗೊತ್ತಿಲ್ಲ ಅಂದಿದೆ" ಅಂತ ತೋರಿಸುವುದು ಒಬ್ಬ ತಾಯಿ ಮಗನ ಹೆಸರು ಉಳಿಸಲು ಬರೆಸಿದ ಸಾಲನ್ನು.

ಸೈಕ್ಲಾಪ್ಸ್ ಹಡಗು? 300 ಜನ ಒಂದು ತುಂಡು ಮರವೂ ಇಲ್ಲದೆ ಹೋದರಂತೆ?

306 ಜನ. 1918ರ ಮಾರ್ಚ್ 4ರಂದು ಬಾರ್ಬಡೋಸ್ ಬಿಟ್ಟ ಅಮೆರಿಕ ನೌಕಾಪಡೆಯ ಹಡಗು ಬಾಲ್ಟಿಮೋರ್ ತಲುಪಲೇ ಇಲ್ಲ. ಇದು ಇವತ್ತಿಗೂ ಸಿಕ್ಕಿಲ್ಲ, ನಿಜ. ಆದರೆ ಒಳಗಿದ್ದದ್ದು ಮ್ಯಾಂಗನೀಸ್ ಅದಿರು, ತುಂಬಾ ತೂಕದ ಸರಕು, ಅದೂ ಮಿತಿ ಮೀರಿ ತುಂಬಿತ್ತು ಅನ್ನುವ ವರದಿ ಇದೆ. ಎರಡು ಎಂಜಿನ್‌ನಲ್ಲಿ ಒಂದು ಕೆಟ್ಟಿತ್ತು. ಇದೇ ಮಾದರಿಯ ಇನ್ನೆರಡು ಹಡಗು, ಪ್ರೋಟಿಯಸ್ ಮತ್ತು ನೀರಿಯಸ್, 1941ರಲ್ಲಿ ಅದೇ ಅಟ್ಲಾಂಟಿಕ್‌ನಲ್ಲಿ, ಅವೂ ಲೋಹದ ಅದಿರು ಹೊತ್ತು ಹೋಗುವಾಗ ಕಾಣೆಯಾದವು. ಒಂದೇ ಅಚ್ಚಿನ ಮೂರು ಹಡಗು, ಮೂರರಲ್ಲೂ ಅದಿರು. ನಾನಾದರೆ ಹಡಗು ಕಟ್ಟಿದ ರೀತಿಯನ್ನು ಮೊದಲು ಅನುಮಾನಿಸುತ್ತೇನೆ.

ಮೇರಿ ಸೆಲೆಸ್ಟ್ ಹಡಗಿನಲ್ಲಿ ಟೀ ಇನ್ನೂ ಬಿಸಿಯಾಗಿತ್ತಂತೆ, ಜನ ಮಾತ್ರ ಇರಲಿಲ್ಲವಂತೆ. ಇದು ಹೇಗೆ?

ಟೀ ಬಿಸಿ ಇರಲಿಲ್ಲ. ಇಲ್ಲಿಂದಲೇ ಶುರು ಮಾಡೋಣ.

1872ರ ನವೆಂಬರ್ 7ರಂದು ಈ ಹಾಯಿಹಡಗು ನ್ಯೂಯಾರ್ಕ್‌ನಿಂದ ಇಟಲಿಯ ಜಿನೋವಾಕ್ಕೆ ಹೊರಟಿತು. ಕ್ಯಾಪ್ಟನ್ ಬೆಂಜಮಿನ್ ಬ್ರಿಗ್ಸ್, ಹೆಂಡತಿ ಸಾರಾ, ಎರಡು ವರ್ಷದ ಮಗಳು ಸೋಫಿಯಾ, ಜೊತೆಗೆ ಏಳು ಜನ ಸಿಬ್ಬಂದಿ. ಸರಕು 1,701 ಪೀಪಾಯಿ ಆಲ್ಕೋಹಾಲ್, ಕುಡಿಯುವುದಲ್ಲ, ಕೈಗಾರಿಕೆಗೆ ಬಳಸುವುದು. ಸುಮಾರು ಒಂದು ತಿಂಗಳ ನಂತರ ಡೈ ಗ್ರೇಷಿಯಾ ಅನ್ನುವ ಇನ್ನೊಂದು ಹಡಗು ಅದನ್ನು ಅಜೋರ್ಸ್ ದ್ವೀಪಗಳಿಗೂ ಪೋರ್ಚುಗಲ್‌ಗೂ ನಡುವೆ ಕಂಡಿತು. ಹಾಯಿ ಅರ್ಧಂಬರ್ಧ ಬಿಚ್ಚಿಕೊಂಡು, ಯಾರ ಹಿಡಿತವೂ ಇಲ್ಲದೆ ತೇಲುತ್ತಿತ್ತು.

ಹತ್ತಿ ನೋಡಿದವರು ಕೋರ್ಟಿನಲ್ಲಿ ಹೇಳಿದ ವಿವರಗಳನ್ನು ಗಮನವಿಟ್ಟು ಓದಬೇಕು. ಹಡಗಿನ ಹೊಟ್ಟೆಯಲ್ಲಿ ಮೂರೂವರೆ ಅಡಿ ನೀರು. ಎರಡು ಪಂಪಿನಲ್ಲಿ ಒಂದನ್ನು ಬಿಚ್ಚಿ ಹಾಕಿತ್ತು. ನೀರಿನ ಮಟ್ಟ ಅಳೆಯುವ ಕೋಲು ಮೇಲೆ ಡೆಕ್ಕಿನಲ್ಲೇ ಬಿದ್ದಿತ್ತು. ದಿಕ್ಸೂಚಿಯ ಗಾಜು ಒಡೆದಿತ್ತು. ತಿಂಗಳುಗಟ್ಟಲೆ ಸಾಕಾಗುವಷ್ಟು ಆಹಾರ ಹಾಗೇ ಇತ್ತು. ಇಲ್ಲದೆ ಇದ್ದದ್ದು ಯಾವುದು? ಹಡಗಿನ ಒಂದೇ ಒಂದು ಸಣ್ಣ ದೋಣಿ. ಹಡಗಿನ ಕಾಗದಪತ್ರ. ದಾರಿ ಲೆಕ್ಕ ಹಾಕುವ ಉಪಕರಣಗಳು. ಹಡಗಿನಲ್ಲೇ ಉಳಿದಿದ್ದ ದಿನಚರಿಯ ಕೊನೆಯ ದಾಖಲೆ ನವೆಂಬರ್ 25ರ ಬೆಳಗಿನದು, ಆಗ ಅಜೋರ್ಸ್‌ನ ಸಾಂಟಾ ಮಾರಿಯಾ ದ್ವೀಪ ಹತ್ತಿರದಲ್ಲೇ ಇತ್ತು.

ಈ ಜನ ಮಾಯವಾಗಲಿಲ್ಲ. ಅವಸರದಲ್ಲಿ, ಆದರೆ ತಲೆ ಉಪಯೋಗಿಸಿ, ಬೇಕಾದ್ದನ್ನು ತೆಗೆದುಕೊಂಡು ದೋಣಿಗೆ ಇಳಿದಿದ್ದಾರೆ. ಯಾಕೆ ಅನ್ನುವುದಷ್ಟೇ ಪ್ರಶ್ನೆ. ಪಂಪ್ ಕೆಟ್ಟು, ಒಳಗೆ ಎಷ್ಟು ನೀರಿದೆ ಅಂತ ತಿಳಿಯದೆ, ಮುಳುಗುತ್ತಿದೆ ಅಂದುಕೊಂಡಿರಬಹುದು. ಅಥವಾ ಆಲ್ಕೋಹಾಲ್ ಆವಿ ಹೊತ್ತಿಕೊಳ್ಳುತ್ತದೆ ಅಂತ ಹೆದರಿರಬಹುದು. ಒಂಬತ್ತು ಪೀಪಾಯಿ ಖಾಲಿಯಾಗಿದ್ದವು. 2006ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ಆಂಡ್ರಿಯಾ ಸೆಲ್ಲಾ ಹಡಗಿನ ಮಾದರಿ ಕಟ್ಟಿ, ಒಳಗೆ ಗ್ಯಾಸ್ ತುಂಬಿ ಹೊತ್ತಿಸಿ ತೋರಿಸಿದರು. ಜ್ವಾಲೆ ಭುಗ್ಗೆಂದು ಎದ್ದಿತು, ಆದರೆ ಒಳಗಿದ್ದ ಕಾಗದದ ತುಂಡುಗಳು ಕೂಡ ಸುಡಲಿಲ್ಲ. ಕಲೆ ಉಳಿಯದ ಸ್ಫೋಟ ಸಾಧ್ಯ ಅಂತ ಆಯಿತು. ಈ ಎರಡರಲ್ಲಿ ನನಗೆ ಪಂಪಿನ ಕತೆಯೇ ಹೆಚ್ಚು ಒಪ್ಪಿಗೆ, ಯಾಕೆಂದರೆ ಬಿಚ್ಚಿದ ಪಂಪ್ ಮತ್ತು ಆ ಅಳತೆ ಕೋಲು ಕಣ್ಣೆದುರೇ ಇವೆ.

ಹಾಗಾದರೆ ಬಿಸಿ ಟೀ ಎಲ್ಲಿಂದ ಬಂತು? ಕತೆಗಳಿಂದ. 1884ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಇದೇ ಘಟನೆ ಇಟ್ಟುಕೊಂಡು ಒಂದು ಸಣ್ಣಕತೆ ಬರೆದರು. ಅದರಲ್ಲಿ ಹಡಗಿನ ಹೆಸರೂ ಸ್ವಲ್ಪ ಬೇರೆ, ದೋಣಿಗಳೂ ಹಡಗಿನಲ್ಲೇ ಇವೆ. ಓದಿದ ಕೆಲವರು ಅದನ್ನು ನಿಜವೆಂದೇ ನಂಬಿದರು. ಆಮೇಲೆ ಹೇಳಿದವರೆಲ್ಲ ಒಂದೊಂದು ಸೇರಿಸುತ್ತಾ ಹೋದರು. ದೋಣಿ ಇತ್ತು ಅಂತ ಹೇಳಿದ ಕ್ಷಣದಲ್ಲಿ ಇಡೀ ಘಟನೆ ಪವಾಡವಾಗಿಬಿಡುತ್ತದೆ ನೋಡಿ. ಒಂದು ದೋಣಿಯ ವ್ಯತ್ಯಾಸ.

ಚೆನ್ನಾಗಿರೋ ಹಡಗು ಬಿಟ್ಟು ಯಾರಾದರೂ ಸಣ್ಣ ದೋಣಿಗೆ ಇಳಿಯುತ್ತಾರಾ?

ಇಳಿಯುತ್ತಾರೆ, ಅದು ಚೆನ್ನಾಗಿದೆ ಅಂತ ಆ ಹೊತ್ತಿನಲ್ಲಿ ಅವರಿಗೆ ಗೊತ್ತಿದ್ದರೆ ತಾನೇ! 1955ರ ಅಕ್ಟೋಬರ್‌ನಲ್ಲಿ ಜೋಯಿಟಾ ಅನ್ನುವ ಮೋಟಾರು ಹಡಗು ಸಮೋವಾದ ಆಪಿಯಾದಿಂದ 25 ಜನರೊಂದಿಗೆ ಟೊಕೆಲಾವ್ ದ್ವೀಪಗಳಿಗೆ ಹೊರಟಿತು. ಐದು ವಾರದ ನಂತರ ಒಂದು ಕಡೆ ವಾಲಿಕೊಂಡು, ಅರ್ಧ ನೀರು ತುಂಬಿಕೊಂಡು, ಆದರೆ ತೇಲುತ್ತಲೇ ಸಿಕ್ಕಿತು. ಒಳಗೆ ಯಾರೂ ಇಲ್ಲ. ಎಂಜಿನ್ ತಂಪು ಮಾಡುವ ನೀರಿನ ಪೈಪು ತುಕ್ಕು ಹಿಡಿದು ಒಡೆದಿತ್ತು. ರೇಡಿಯೊ ಸಹಾಯ ಕೇಳುವ ತರಂಗಾಂತರಕ್ಕೆ ತಿರುಗಿಸಿತ್ತು, ಆದರೆ ಅದರ ತಂತಿ ಬಣ್ಣದ ಪದರದ ಕೆಳಗೆ ತುಂಡಾಗಿತ್ತು. ಕೂಗಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಆ ಹಡಗಿನ ಒಡಲಿಗೆ ಬೆಂಡಿನ ಪದರ ಇತ್ತು, ಅಷ್ಟು ಸುಲಭಕ್ಕೆ ಮುಳುಗುವ ಹಡಗೇ ಅಲ್ಲ. ಅದರಲ್ಲೇ ಕೂತಿದ್ದರೆ ಬದುಕುತ್ತಿದ್ದರು. ಇದನ್ನು ಬರೆಯುವಾಗ ಹೊಟ್ಟೆ ಕಿವುಚುತ್ತದೆ.

ಇನ್ನೊಂದು, 2007ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಹತ್ತಿರ ಸಿಕ್ಕ ಕ್ಯಾಜ್ 2 ಅನ್ನುವ ಸಣ್ಣ ಹಾಯಿದೋಣಿ. ಎಂಜಿನ್ ಓಡುತ್ತಿತ್ತು, ಲ್ಯಾಪ್‌ಟಾಪ್ ಆನ್ ಆಗಿತ್ತು, ಅದರಲ್ಲಿ ಹೊರಟಿದ್ದ ಮೂವರೂ ಇರಲಿಲ್ಲ. ಸಾವಿನ ವಿಚಾರಣೆ ಮಾಡಿದ ಅಧಿಕಾರಿ ಕೊಟ್ಟ ತೀರ್ಮಾನ ತೀರಾ ಸಾದಾ. ಸಿಕ್ಕಿಹಾಕಿಕೊಂಡ ಮೀನಿನ ಗಾಳದ ದಾರ ಬಿಡಿಸಲು ಹೋಗಿ ಒಬ್ಬರು ನೀರಿಗೆ ಬಿದ್ದಿರಬೇಕು, ಅವರನ್ನು ಉಳಿಸಲು ಹೋಗಿ ಉಳಿದವರೂ. ದೋಣಿ ಮುಂದಕ್ಕೆ ಸಾಗಿತು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಲ್ಲುಕ್ವಾರಿ ಹೊಂಡಗಳಲ್ಲಿ, ಕೃಷಿಹೊಂಡಗಳಲ್ಲಿ ಇದೇ ನಡೆಯುತ್ತದೆ. ಒಬ್ಬ ಜಾರುತ್ತಾನೆ, ಇನ್ನೊಬ್ಬ ಕೈ ಕೊಡಲು ಹೋಗುತ್ತಾನೆ, ಮೂರನೆಯವನು ಇಬ್ಬರಿಗಾಗಿ ಇಳಿಯುತ್ತಾನೆ. ಊರಿನವರು "ಆ ಹೊಂಡ ಬಲಿ ಕೇಳ್ತದೆ" ಅಂತಾರೆ. ಈಜು ಬಾರದವನು ನೀರಿಗೆ ಹಾರಬೇಡ, ಹಗ್ಗವೋ ಸೀರೆಯೋ ಕೋಲೋ ಎಸೆ ಅಂತ ಮಕ್ಕಳಿಗೆ ಹೇಳಿಕೊಡಿ.

ಮೀಥೇನ್ ಗ್ಯಾಸ್ ಎದ್ದು ಹಡಗು ನುಂಗುತ್ತದಂತೆ?

ಪ್ರಯೋಗಾಲಯದ ತೊಟ್ಟಿಯಲ್ಲಿ ಗುಳ್ಳೆ ಎಬ್ಬಿಸಿ ಆಟಿಕೆ ಹಡಗು ಮುಳುಗಿಸಬಹುದು. ಆದರೆ ಟ್ರಯಾಂಗಲ್ ಭಾಗದಲ್ಲಿ ಕಳೆದ 15,000 ವರ್ಷಗಳಲ್ಲಿ ಅಂಥ ದೊಡ್ಡ ಗ್ಯಾಸ್ ಹೊರಬಂದ ಗುರುತು ಇಲ್ಲ ಅನ್ನುತ್ತಾರೆ ಅಮೆರಿಕದ ಭೂವಿಜ್ಞಾನಿಗಳು.

ಅನ್ಯಗ್ರಹದವರು? ಮುಳುಗಿಹೋಯಿತು ಅನ್ನುವ ಅಟ್ಲಾಂಟಿಸ್ ದ್ವೀಪ?

ಇಲ್ಲ.

ನೂರು ಅಡಿ ಅಲೆ ಅನ್ನೋದೂ ಕಟ್ಟುಕತೆನಾ?

ಇಲ್ಲ, ಇದು ನಿಜ. ನಾವಿಕರು ತಲೆತಲಾಂತರದಿಂದ ಹೇಳುತ್ತಿದ್ದರು, ಓದಿದವರು ಬಹಳ ಕಾಲ ಪೂರ್ತಿ ನಂಬಿರಲಿಲ್ಲ. 1995ರ ಜನವರಿ 1ರಂದು ನಾರ್ವೆಯ ಬಳಿ ಉತ್ತರ ಸಮುದ್ರದಲ್ಲಿದ್ದ ಡ್ರಾಪ್ನರ್ ಅನ್ನುವ ಗ್ಯಾಸ್ ಕಟ್ಟೆಯ ಮೇಲಿನ ಉಪಕರಣ ಒಂದು ಅಲೆಯನ್ನು ಅಳೆಯಿತು. 25.6 ಮೀಟರ್, ಅಂದರೆ ಸುಮಾರು 84 ಅಡಿ. ಸುತ್ತಲಿನ ದೊಡ್ಡ ಅಲೆಗಳೇ 12 ಮೀಟರ್ ಆಸುಪಾಸಿನಲ್ಲಿದ್ದವು. ಅದರ ಎರಡರಷ್ಟು ಎತ್ತರದ್ದು ಒಂದೇ ಒಂದು ಎದ್ದು ಬಂತು.

ಇದು ಗೊತ್ತಾದ ಮೇಲೆ ಹಳೇ ಘಟನೆಗಳನ್ನು ನೋಡುವ ಕಣ್ಣೇ ಬದಲಾಯಿತು. 1978ರ ಡಿಸೆಂಬರ್‌ನಲ್ಲಿ ಜರ್ಮನಿಯ ಮ್ಯೂಂಚೆನ್ ಅನ್ನುವ ದೊಡ್ಡ ಸರಕು ಹಡಗು 28 ಜನರ ಸಮೇತ ಅಟ್ಲಾಂಟಿಕ್‌ನಲ್ಲಿ ಕಾಣೆಯಾಗಿತ್ತು. ಸಿಕ್ಕಿದ ಅದರ ಒಂದು ಲೈಫ್‌ಬೋಟ್ ನೀರಿನ ಮಟ್ಟದಿಂದ ಸುಮಾರು 20 ಮೀಟರ್ ಮೇಲೆ ಕಟ್ಟಿದ್ದದ್ದು. ಅದನ್ನು ಹಿಡಿದಿದ್ದ ಕಬ್ಬಿಣದ ಪಿನ್ನುಗಳು ಹಿಂದಕ್ಕೆ ಬಾಗಿದ್ದವು. ಅಷ್ಟು ಮೇಲಿರುವುದನ್ನು ಮುಂದಿನಿಂದ ಬಂದು ಗುದ್ದಿದ್ದು ಏನು? ಅಲೆ.

ಔರಾಂಗ್ ಮೆಡಾನ್ ಹಡಗಿನಲ್ಲಿ ಎಲ್ಲರೂ ಬಾಯಿ ತೆರೆದು ಸತ್ತಿದ್ದರಂತೆ?

ಆ ಹೆಸರಿನ ಹಡಗು, ಹಡಗುಗಳ ಪಟ್ಟಿ ಇಡುವ ಲಾಯ್ಡ್ಸ್ ನೋಂದಣಿಯಲ್ಲೇ ಇಲ್ಲ. ಇಲ್ಲದ ಹಡಗಿಗೆ ವಿವರಣೆ ಹುಡುಕುವುದು ಬೇಡ.

ನಮ್ಮ ದೇಶದಲ್ಲಿ ಹೀಗೆ ಆಗಿದೆಯಾ?

ಆಗಿದೆ. ಬರ್ಮುಡಾ ಬಗ್ಗೆ ಅಷ್ಟು ಗೊತ್ತಿರುವ ನಮ್ಮ ಮಕ್ಕಳಿಗೆ ಇವು ಗೊತ್ತಿಲ್ಲವಲ್ಲ ಅಂತ ನನಗೆ ಬೇಜಾರು.

1888ರ ನವೆಂಬರ್‌ನಲ್ಲಿ ಕಚ್ಛ್‌ನ ಮಾಂಡವಿಯಿಂದ ಮುಂಬೈಗೆ ಹೊರಟ ವೈತರ್ಣಾ ಅನ್ನುವ ಹಡಗು ಸೌರಾಷ್ಟ್ರದ ಕರಾವಳಿಯಲ್ಲಿ ಚಂಡಮಾರುತಕ್ಕೆ ಸಿಕ್ಕಿ 700ಕ್ಕೂ ಹೆಚ್ಚು ಜನರ ಸಮೇತ ಹೋಯಿತು. ವಿದ್ಯುತ್ ದೀಪ ಇದ್ದ ಕಾರಣ ಜನ ಅದನ್ನು ವೀಜಳಿ ಅಂತ ಕರೆಯುತ್ತಿದ್ದರು. ಗುಜರಾತಿನಲ್ಲಿ ಅದರ ಮೇಲಿನ ಶೋಕಗೀತೆಯನ್ನು ಈಗಲೂ ಹಾಡುತ್ತಾರೆ.

2016ರ ಜುಲೈ 22ರ ಬೆಳಿಗ್ಗೆ ಚೆನ್ನೈನ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32 ವಿಮಾನ 29 ಜನರೊಂದಿಗೆ ಬಂಗಾಳಕೊಲ್ಲಿಯ ಮೇಲೆ ಕಾಣೆಯಾಯಿತು. ನಮಗೆ ಕೋಲಾರದವರಿಗೆ ಮಂಗಳೂರಿಗಿಂತ ಆ ಕಡಲೇ ಹತ್ತಿರ. ಏಳು ವರ್ಷ ಏನೂ ಸಿಗಲಿಲ್ಲ. 2024ರ ಜನವರಿಯಲ್ಲಿ ಸರ್ಕಾರ ಹೇಳಿತು, ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರ್ ದೂರದಲ್ಲಿ, 3,400 ಮೀಟರ್ ಆಳದಲ್ಲಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಮಾನವರಹಿತ ಯಂತ್ರ ಅವಶೇಷಗಳ ಚಿತ್ರ ತೆಗೆದಿದೆ ಅಂತ.

ಮತ್ತೆ ನಮ್ಮದೇ ಕರ್ನಾಟಕದ ಸುವರ್ಣ ತ್ರಿಭುಜ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ದೋಣಿ, ಎರಡು ದಿನದಲ್ಲಿ ಸಂಪರ್ಕ ತಪ್ಪಿತು. ಉಡುಪಿ, ಉತ್ತರ ಕನ್ನಡದ ಆ ಮನೆಗಳು ತಿಂಗಳುಗಟ್ಟಲೆ ಕಾದವು. ಕಡಲ್ಗಳ್ಳರು ಹಿಡಿದುಕೊಂಡು ಹೋಗಿದ್ದಾರೆ ಅಂದರು ಕೆಲವರು. ನೌಕಾಪಡೆಯ ಹಡಗು ಡಿಕ್ಕಿ ಹೊಡೆದಿರಬಹುದು ಅಂತ ಮೀನುಗಾರರು ಆರೋಪಿಸಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಸುಮಾರು 60 ಮೀಟರ್ ಆಳದಲ್ಲಿ ದೋಣಿ ಸಿಕ್ಕಿತು. ಏಳು ಜನ ಸಿಗಲಿಲ್ಲ.

ಇಷ್ಟು ತಂತ್ರಜ್ಞಾನ ಇದ್ದೂ ಹುಡುಕೋದು ಯಾಕೆ ಇಷ್ಟು ಕಷ್ಟ?

ಆಳ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳ ಇದೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರಲ್ಲಿ ಇಳಿದು ಕೆಲಸ ಮಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿ ನೋಡಿ, ಕೆಳಗೆ ಎಂಥ ಕತ್ತಲು ಅಂತ. ಆ ಎಎನ್-32 ಅದಕ್ಕಿಂತಲೂ ಕೆಳಗೆ ಬಿದ್ದಿತ್ತು, ಮೇಲೆ ಪೂರ್ತಿ ನೀರು. ರೇಡಿಯೊ, ಜಿಪಿಎಸ್, ರಾಡಾರ್ ಯಾವುದರ ತರಂಗವೂ ಅಲ್ಲಿಗೆ ಇಳಿಯುವುದಿಲ್ಲ. ಶಬ್ದ ಕಳಿಸಿ, ಪ್ರತಿಧ್ವನಿ ಕೇಳಿ, ಸ್ವಲ್ಪ ಸ್ವಲ್ಪವಾಗಿ ತಡಕಬೇಕು.

2014ರ ಮಾರ್ಚ್ 8ರಂದು 239 ಜನರೊಂದಿಗೆ ಕಾಣೆಯಾದ ಮಲೇಷ್ಯಾದ ಎಂಎಚ್ 370 ವಿಮಾನಕ್ಕಾಗಿ ಹಿಂದೂ ಮಹಾಸಾಗರದ ತಳದಲ್ಲಿ 1,20,000 ಚದರ ಕಿಲೋಮೀಟರ್ ತಡಕಿ 2017ರಲ್ಲಿ ನಿಲ್ಲಿಸಿದರು. ನಮ್ಮ ಇಡೀ ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ. ಅಲ್ಲಿ ಸಿಗಲಿಲ್ಲ. ಆದರೆ 2015ರಲ್ಲೇ ಅದರ ರೆಕ್ಕೆಯ ಒಂದು ತುಂಡು ಆಫ್ರಿಕಾದ ಕಡೆಯ ರಿಯೂನಿಯನ್ ದ್ವೀಪಕ್ಕೆ ತೇಲಿ ಬಂದಿತ್ತು. ವಿಮಾನ ಸಮುದ್ರಕ್ಕೆ ಬಿದ್ದಿದೆ ಅನ್ನುವುದರಲ್ಲಿ ಅನುಮಾನ ಉಳಿದಿಲ್ಲ. ಅದರಲ್ಲಿ ಐವರು ಭಾರತೀಯರೂ ಇದ್ದರು.

ಸಿಗುವುದೂ ಉಂಟು. ಬ್ರೆಜಿಲ್‌ನ ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು 228 ಜನರೊಂದಿಗೆ ಅಟ್ಲಾಂಟಿಕ್‌ಗೆ ಬಿತ್ತು. ಸಿಡಿಲು, ಬಾಂಬು ಅಂತ ಎರಡು ವರ್ಷ ಏನೇನೋ ಮಾತು. 2011ರಲ್ಲಿ ಸುಮಾರು 3,900 ಮೀಟರ್ ಆಳದಿಂದ ಬ್ಲ್ಯಾಕ್ ಬಾಕ್ಸ್ ಎತ್ತಿದರು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ, ಆಟೋಪೈಲಟ್ ಬಿಟ್ಟುಕೊಟ್ಟು, ಗೊಂದಲದಲ್ಲಿ ಪೈಲಟ್‌ಗಳು ಮೂತಿ ಮೇಲೆತ್ತಿ ಹಿಡಿದು, ವಿಮಾನ ಗಾಳಿಯ ಆಸರೆ ಕಳೆದುಕೊಂಡು ನಾಲ್ಕೇ ನಿಮಿಷದಲ್ಲಿ ನೀರಿಗೆ ಬಿದ್ದಿತ್ತು. ಆ ಪೆಟ್ಟಿಗೆ ಸಿಗದೇ ಹೋಗಿದ್ದರೆ ಇವತ್ತು ಅದೂ ಒಂದು ನಿಗೂಢ ವಿಡಿಯೊ ಆಗಿರುತ್ತಿತ್ತು. ಸಿಗಲಿಲ್ಲ ಅನ್ನುವುದೂ ಕಾರಣವೇ ಇಲ್ಲ ಅನ್ನುವುದೂ ಒಂದೇ ಅಲ್ಲ. ನಾನು ಎಲ್ಲ ಶಾಲೆಯಲ್ಲೂ ಒತ್ತಿ ಹೇಳುವುದು ಇದನ್ನೇ.

ಹಾಗಾದರೆ ಜನ ಯಾಕೆ ಬೇರೆ ಬೇರೆ ಕತೆ ಕಟ್ಟುತ್ತಾರೆ?

ಆಯಾ ಕಾಲದಲ್ಲಿ ಜನ ಯಾವುದಕ್ಕೆ ಹೆದರುತ್ತಾರೋ ಅದೇ ವಿವರಣೆಯಾಗಿ ಬರುತ್ತದೆ. 1872ರಲ್ಲಿ ಕುಡಿದ ನಾವಿಕರ ದಂಗೆ. 1918ರಲ್ಲಿ ಜರ್ಮನ್ನರು. 1955ರಲ್ಲಿ ರಷ್ಯಾದ ಸಬ್‌ಮರೀನ್. 70ರ ದಶಕದಲ್ಲಿ ಹಾರುವ ತಟ್ಟೆ. ಸಿಬ್ಬಂದಿಯ ಮೇಲೆ ಅನುಮಾನ ಮಾತ್ರ ಎಲ್ಲ ಕಾಲಕ್ಕೂ ಇದೆ. ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ. ಪುರಾವೆ ಇಲ್ಲದೆ ಪೈಲಟ್ ಬೇಕಂತಲೇ ಬೀಳಿಸಿದ, ಕ್ಯಾಪ್ಟನ್ ದುಡ್ಡಿಗೆ ಮುಳುಗಿಸಿದ ಅಂತ ಸುಮ್ನೆ ಷೇರ್ ಮಾಡುವಾಗ, ಅವರ ಮಕ್ಕಳೂ ಅದನ್ನು ಓದುತ್ತಾರೆ ಅನ್ನುವುದು ನೆನಪಿರಲಿ.

ಈಗಲೂ ಯಾರಾದರೂ ಕಾಣೆಯಾದರೆ ಸಹಾಯ ಹೇಗೆ ತಲುಪುತ್ತೆ?

ದೊಡ್ಡ ಹಡಗುಗಳಲ್ಲಿ ಅಪಾಯದ ಸಂಕೇತ ಕಳಿಸುವ 406 ಮೆಗಾಹರ್ಟ್ಜ್‌ನ ಬೀಕನ್ ಇರುತ್ತದೆ. ಹಡಗು ಮುಳುಗಿದರೆ ಕಳಚಿಕೊಂಡು ಮೇಲೆ ತೇಲಿ ತಾನೇ ಕೂಗಲು ಶುರು ಮಾಡುತ್ತದೆ, ಉಪಗ್ರಹ ಅದನ್ನು ಹಿಡಿಯುತ್ತದೆ. ಭಾರತಕ್ಕೆ ಸಂಬಂಧಿಸಿದ ಆ ಕೂಗು ಬಂದು ಸೇರುವ ಕೇಂದ್ರ ಎಲ್ಲಿದೆ ಗೊತ್ತಾ? ಬೆಂಗಳೂರಿನಲ್ಲಿ, ಇಸ್ರೊದ ಇಸ್ಟ್ರಾಕ್ ಅನ್ನುವ ಉಪಗ್ರಹ ಸಂಪರ್ಕ ಕೇಂದ್ರದಲ್ಲಿ. ಅಲ್ಲಿಂದ ಕರಾವಳಿ ಕಾವಲು ಪಡೆಗೆ ಸುದ್ದಿ ಹೋಗುತ್ತದೆ. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು. ಸಣ್ಣ ಮೀನುಗಾರಿಕೆ ದೋಣಿಗಳಿಗಾಗಿ ಇಸ್ರೊ ಬೇರೆ ಉಪಕರಣವನ್ನೇ ಮಾಡಿದೆ. ಹೊಸ ಮಾದರಿಯಲ್ಲಿ ನಿಮ್ಮ ಕರೆ ತಲುಪಿದೆ ಅನ್ನುವ ಉತ್ತರವೂ ದೋಣಿಗೆ ವಾಪಸ್ ಬರುತ್ತದೆ. ಅದು ಪ್ರತಿ ದೋಣಿಯಲ್ಲೂ ಇರಬೇಕು ಅನ್ನುವುದು ನನ್ನ ಆಸೆ. ದೇಶದ ಯಾವ ತೀರದಿಂದಲಾದರೂ ಕಾವಲು ಪಡೆಗೆ ಕರೆ ಮಾಡುವ ಸಂಖ್ಯೆ 1554.

ಕಾಣೆಯಾದವರನ್ನು ಕಾನೂನು ಯಾವಾಗ ಸತ್ತರೆಂದು ಒಪ್ಪುತ್ತದೆ?

ಸಾಮಾನ್ಯ ನಿಯಮ ಏಳು ವರ್ಷ. ಸಹಜವಾಗಿ ಸುದ್ದಿ ಸಿಗಬೇಕಾದವರಿಗೆ ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಬದುಕಿದ್ದಾರೆ ಅಂತ ಸಾಬೀತು ಮಾಡುವ ಹೊಣೆ ಹಾಗೆ ಹೇಳುವವರ ಮೇಲೆ ಬರುತ್ತದೆ. ಹಳೇ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಇದು, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಅಷ್ಟು ಕಾಲ ವಿಮೆ, ಜಮೀನು, ಬ್ಯಾಂಕ್ ಎಲ್ಲ ನಿಂತುಹೋಗಬಹುದು. ಮೀನುಗಾರರ ಹೆಂಡತಿಯರಿಗೆ ಇದು ಎಂಥ ಕಷ್ಟ ಅಂತ ಯೋಚಿಸಿ.

ನಮ್ಮ ಹುಡುಗ ಮರ್ಚೆಂಟ್ ನೇವಿಗೆ ಸೇರ್ತೀನಿ ಅಂತಿದ್ದಾನೆ. ಇದೆಲ್ಲ ಓದಿ ಹೆದರಿಕೆ ಆಗ್ತಿದೆ. ಕಳಿಸಬಹುದಾ?

ಕಳಿಸಿ. ಹಡಗು ಹತ್ತುವ ಮುಂಚೆ ನೀರಿನಲ್ಲಿ ಬದುಕುಳಿಯುವ ತರಬೇತಿ ಕಡ್ಡಾಯ, ಲೈಫ್‌ಜಾಕೆಟ್ ಹಾಕಿ ನೀರಿಗೆ ಹಾರಿಸಿಯೇ ಕಲಿಸುತ್ತಾರೆ. ಅದನ್ನು ಅವನು ಮನಸ್ಸಿಟ್ಟು ಕಲಿಯಲಿ. ನಮ್ಮಂಥ ಒಳನಾಡಿನ ಊರಿನ ಹುಡುಗರಿಗೆ ಇರುವ ದೊಡ್ಡ ಅಪಾಯ ಟ್ರಯಾಂಗಲ್ ಅಲ್ಲ, ನಕಲಿ ಏಜೆಂಟರು. ಲಕ್ಷಗಟ್ಟಲೆ ಕೇಳಿ, ಮುಂದಿನ ವಾರವೇ ಹಡಗು ಅನ್ನುವವರನ್ನು ನಂಬಬೇಡಿ. ಏಜೆನ್ಸಿಗೆ ಆರ್‌ಪಿಎಸ್‌ಎಲ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿ ಇದೆಯಾ ಅಂತ ಮುಂಬೈನ ಹಡಗು ಮಹಾನಿರ್ದೇಶನಾಲಯದ ವೆಬ್‌ಸೈಟಿನಲ್ಲಿ ನೋಡಿ. ಕೆಲಸ ಕೊಡಿಸಲು ಹುಡುಗನಿಂದ ದುಡ್ಡು ವಸೂಲಿ ಮಾಡುವುದು ಕಾನೂನುಬಾಹಿರ. ಅವನು ಹತ್ತುವ ಹಡಗಿನ ಹೆಸರು ಮತ್ತು ಐಎಂಒ ಅನ್ನುವ ಅದರ ಗುರುತಿನ ಸಂಖ್ಯೆ ಬರೆದು ಮನೆಯಲ್ಲಿ ಇಟ್ಟುಕೊಳ್ಳಿ. ಹಡಗು ಮಾರಾಟವಾಗಿ ಹೆಸರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ.